‘ಜಾಗರಿ’ ಕನ್ನಡದಿಂದ ಹೋದ ಪದವಾ? ಶುಗರ್‌ಗೂ ಅದಕ್ಕೂ ಏನು ನಂಟು?

ಆಲೆಮನೆ ಹೈದ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗುಂಪಿಗೆ ಒಂದು ಫಾರ್ವರ್ಡ್ ಬಂದಿದೆ. ‘ಇಂಗ್ಲಿಷಿನ ಜಾಗರಿ ಅನ್ನುವ ಪದ ಕನ್ನಡದ ಕೊಡುಗೆ, ಹೆಮ್ಮೆ ಇದ್ದರೆ ಹಂಚಿ’ ಅಂತ. ಹಂಚುವ ಮೊದಲು ಇಲ್ಲಿ ಕೇಳೋಣ ಅಂದುಕೊಂಡೆ. ನಾವು ಮಂಡ್ಯ ಕಡೆಯವರು, ಮನೆಯವರದೇ ಆಲೆಮನೆ ಇದೆ. ಅಚ್ಚುಬೆಲ್ಲ, ಉಂಡೆಬೆಲ್ಲ, ಪುಡಿಬೆಲ್ಲ ಎಲ್ಲ ಮಾಡುತ್ತೇವೆ. ಜಾಗರಿ ಅಂದರೆ ಬೆಲ್ಲ, ಸರಿ. ಆದರೆ ಬೆಲ್ಲ ಅನ್ನುವ ಮಾತಿಗೂ ಜಾಗರಿಗೂ ಒಂದಕ್ಷರ ಕೂಡ ಹೊಂದುವುದಿಲ್ಲ. ಮತ್ತೆ ಅದು ಕನ್ನಡ ಹೇಗಾಗುತ್ತೆ? ತಿಳಿದವರು ಹೇಳಿ.

ಪದಹುಚ್ಚ:
ಫಾರ್ವರ್ಡ್ ಪೂರ್ತಿ ಬುರುಡೆ ಅಲ್ಲ, ಪೂರ್ತಿ ನಿಜವೂ ಅಲ್ಲ.

ಬೆಲ್ಲಕ್ಕೂ ಜಾಗರಿಗೂ ಸಂಬಂಧ ಇಲ್ಲ, ನಿಜ. ಬೆಲ್ಲ ನಮ್ಮದೇ ದ್ರಾವಿಡ ಪದ. ತೆಲುಗಿನವರು ಬೆಲ್ಲಂ ಅನ್ನುತ್ತಾರೆ, ತಮಿಳರು ವೆಲ್ಲಂ ಅನ್ನುತ್ತಾರೆ. ಇಂಗ್ಲಿಷಿನವರಿಗೆ ಅದು ಸಿಗಲಿಲ್ಲ. ಅವರಿಗೆ ಸಿಕ್ಕಿದ್ದು ಪೋರ್ಚುಗೀಸರ ಬಾಯಲ್ಲಿದ್ದ ‘ಜಾಗರ’. ಅದು 16ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂತು. ಪೋರ್ಚುಗೀಸರಿಗೆ ಎಲ್ಲಿಂದ ಸಿಕ್ಕಿತು ಅನ್ನುವುದೇ ಜಗಳ. ಕೆಲವು ಹಳೇ ಇಂಗ್ಲಿಷ್ ನಿಘಂಟುಗಳು ಕನ್ನಡದ ‘ಶರ್ಕರೆ’ ಅಂತ ಬರೆದವು. ನಿಮ್ಮ ಫಾರ್ವರ್ಡ್ ಹುಟ್ಟಿದ್ದು ಅಲ್ಲಿಂದ ಇರಬೇಕು. ಈಗಿನ ನಿಘಂಟುಗಳು ಮಲಯಾಳಂನ ‘ಚಕ್ಕರ’ ಕಡೆ ವಾಲಿವೆ. ಎರಡಕ್ಕೂ ತಾಯಿಬೇರು ಸಂಸ್ಕೃತದ ಶರ್ಕರಾ.

ಮಜಾ ಇರುವುದು ಮುಂದೆ. ಶುಗರ್ ಕೂಡ ಅದೇ ಶರ್ಕರಾದ ಮಗಳು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಮಾಡಿದ ಹಾಬ್ಸನ್-ಜಾಬ್ಸನ್ ನಿಘಂಟು ಇದನ್ನು ನೇರವಾಗಿ ಹೇಳುತ್ತದೆ, ಜಾಗರಿ ಎಂದರೆ ಶುಗರ್ ಪದದ ಇನ್ನೊಂದು ರೂಪ ಅಷ್ಟೇ ಅಂತ. ಆ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ಜಡ್ಜ್ ಆಗಿದ್ದವರು. ಕರಾವಳಿಯ ಸಂತೆ, ಅಂಗಡಿಗಳ ಮಾತು ಕಿವಿಯಾರೆ ಕೇಳಿದವರು ಅನ್ನಿ.

ಬೆಣ್ಣೆದೋಸೆ:
ಹಂಗಾದರೆ ಡಾಕ್ಟರು ನಮ್ಮಪ್ಪನಿಗೆ ‘ಶುಗರ್ ಬಿಡಿ, ಬೇಕಾದರೆ ಸ್ವಲ್ಪ ಜಾಗರಿ ಹಾಕಿಕೊಳ್ಳಿ’ ಅಂದದ್ದು ಒಂದೇ ಪದವನ್ನು ಬಿಡಿಸಿ ಅದನ್ನೇ ಕೊಟ್ಟ ಹಾಗೆ ಆಯ್ತಲ್ಲ.

ಪದಹುಚ್ಚ:
ಪದ ಮಾತ್ರ ಅಲ್ಲ, ರಕ್ತಕ್ಕೆ ಸೇರಿದ ಮೇಲೆ ಹೆಚ್ಚೂಕಮ್ಮಿ ವಸ್ತುವೂ ಒಂದೇ. ಅಪ್ಪಾಜಿಗೆ ಹುಷಾರಾಗಿರಲು ಹೇಳಿ.

ಶಾಲ್ಮಲಾ:
ಶುಗರ್ ಅಷ್ಟು ದೂರ ಹೋದದ್ದು ಹೇಗೆ? ಪೋರ್ಚುಗೀಸರೇ ತಗೊಂಡು ಹೋದರಾ?

ಪದಹುಚ್ಚ:
ಇಲ್ಲ ಮೇಡಂ. ಅದು ಪೋರ್ಚುಗೀಸರು ಹಡಗು ಹತ್ತುವುದಕ್ಕೆ ಎಷ್ಟೋ ಮೊದಲೇ ಹೊರಟುಹೋಗಿತ್ತು. ಒಂದೇ ಪದ ಇಂಗ್ಲಿಷಿಗೆ ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ಕಾಲದಲ್ಲಿ ತಲುಪಿದೆ.

ಮೊದಲಿನದು ಗ್ರೀಕ್ ದಾರಿ. ಅಲೆಕ್ಸಾಂಡರನ ನೌಕಾಪಡೆಯ ನಿಯಾರ್ಕಸ್ ‘ಇಲ್ಲಿ ಜೇನುಹುಳ ಇಲ್ಲದೆ ಜೇನು ಕೊಡುವ ಜೊಂಡು ಇದೆ’ ಅನ್ನುವ ಅರ್ಥದಲ್ಲಿ ವರದಿ ಮಾಡಿದ್ದ. ಕಬ್ಬಿಗೆ ಅವನ ಭಾಷೆಯಲ್ಲಿ ಹೆಸರೇ ಇರಲಿಲ್ಲ, ಪಾಪ. ಆಮೇಲೆ ಗ್ರೀಕರು ‘ಸಾಖರೋನ್’ ಅಂದರು. ಇದು ಸಂಸ್ಕೃತದ ಶರ್ಕರಾಗಿಂತ ಪಾಲಿಯ ‘ಸಕ್ಖರಾ’ಕ್ಕೆ ಹತ್ತಿರ. ಮೊದಲನೇ ಶತಮಾನದಲ್ಲಿ ರೋಮಿನ ಪ್ಲಿನಿ ಅದನ್ನು ಔಷಧಿಗೆ ಮಾತ್ರ ಬಳಸುವ ವಸ್ತು ಅಂತ ಬರೆದ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕಬ್ಬಿಗೆ ಸ್ಯಾಕರಮ್ ಅಫಿಸಿನಾರಮ್ ಅಂತ ಹೆಸರಿಟ್ಟದ್ದು ಈ ದಾರಿಯ ಪದದಿಂದ. 1879ರಲ್ಲಿ ಸಿಕ್ಕ ಸ್ಯಾಕರಿನ್ ಕೂಡ ಇದೇ ಮನೆತನ. ಸಕ್ಕರೆ ಇಲ್ಲದ ಸಿಹಿಗೆ ಸಕ್ಕರೆಯದೇ ಹೆಸರು.

ಎರಡನೆಯದು ಪರ್ಷಿಯಾ, ಅರಬ್ ದಾರಿ. ಶರ್ಕರಾ ಪರ್ಷಿಯನ್‌ನಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್, ಲ್ಯಾಟಿನ್‌ನಲ್ಲಿ ಸುಕ್ಕರಮ್, ಹಳೇ ಫ್ರೆಂಚ್‌ನಲ್ಲಿ ಸುಕ್ರ್ ಆಯಿತು. 1300ರ ಹೊತ್ತಿಗೆ ಇಂಗ್ಲಿಷಿಗೆ ಬಂತು. ಅರಬರು ಪದ ಮಾತ್ರ ಒಯ್ಯಲಿಲ್ಲ, ಕಬ್ಬನ್ನೂ ಸಿಸಿಲಿ, ಸ್ಪೇನ್‌ವರೆಗೆ ಬೆಳೆಸುತ್ತಾ ಹೋದರು. ಜರ್ಮನ್ನರ ತ್ಸುಕರ್, ಸ್ವಾಹಿಲಿಯ ಸುಕಾರಿ ಎಲ್ಲ ಈ ಬಳ್ಳಿಯ ಕಾಯಿಗಳು.

ಜಾಗರಿ ಬಂದದ್ದು ಮೂರನೇ ದಾರಿಯಲ್ಲಿ, ಸಮುದ್ರದ ಮೇಲೆ, ಕೊನೆಯಲ್ಲಿ.

ದೋಹಾ ಕನ್ನಡತಿ:
ಸುಕ್ಕರ್ ಇಲ್ಲಿ ನಮಗೆ ದಿನಾ ಕೇಳುವ ಪದ. ಚಹಾ ಅಂಗಡಿಯಲ್ಲಿ ಬೇರೆ ಅರಬ್ಬಿ ಬರದಿದ್ದರೂ ‘ಸುಕ್ಕರ್ ಕಮ್ಮಿ’ ಅಂದರೆ ಕೆಲಸ ಆಗುತ್ತದೆ. ಇಲ್ಲಿ ಸಿಗುವ ಸುಕ್ಕರಿ ಖರ್ಜೂರದ ಹೆಸರೂ ಅದರಿಂದಲೇ ಬಂದದ್ದು. ಸ್ಪ್ಯಾನಿಷ್ ಸಹೋದ್ಯೋಗಿ ಒಬ್ಬರು ‘ಅಸೂಕರ್’ ಅನ್ನುತ್ತಾರೆ. ಮುಂದೆ ಆ ‘ಅ’ ಯಾಕೆ ಬಂತು?

ಪದಹುಚ್ಚ:
ಅದು ಅರಬ್ಬಿಯ ‘ಅಲ್’. ಸ ಮುಂದೆ ಬಂದಾಗ ಅದು ‘ಅಸ್-ಸುಕ್ಕರ್’ ಆಗುತ್ತದೆ, ನಿಮಗೇ ಗೊತ್ತಿರುತ್ತದೆ. ಸ್ಪೇನ್, ಪೋರ್ಚುಗಲ್‌ನವರು ಅರಬರ ಪಕ್ಕದಲ್ಲೇ ಬದುಕಿದವರು. ಬಾಲ ಸಮೇತ ಪದ ಎತ್ತಿಕೊಂಡರು. ಉಳಿದ ಯುರೋಪಿನವರು ಬಾಲ ಕತ್ತರಿಸಿಕೊಂಡರು. ಹಾಗಾಗಿ ಪೋರ್ಚುಗೀಸರ ಹತ್ತಿರ ಮನೆಯಲ್ಲಿ ಅಸೂಕರ್ ಇತ್ತು, ಇಲ್ಲಿಗೆ ಬಂದ ಮೇಲೆ ಜಾಗರ ಸೇರಿತು. ಎರಡೂ ಒಂದೇ ಪದ ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಗಟ್ಟಿ ಕನ್ನಡಿಗ:
ಒಂದು ನಿಮಿಷ. ಎಲ್ಲದಕ್ಕೂ ಮಲಯಾಳಂ ಅಂದುಬಿಟ್ಟರೆ ಹೇಗೆ ಸ್ವಾಮಿ? ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಭಟ್ಕಳ, ಹೊನ್ನಾವರ, ಮಂಗಳೂರು ಎಲ್ಲ ಕಡೆ ವ್ಯಾಪಾರ ಮಾಡಿದರು. ವಿಜಯನಗರಕ್ಕೆ ಕುದುರೆ ಮಾರಿದರು. ನಮ್ಮ ಸಕ್ಕರೆ ಅವರ ಕಿವಿಗೆ ಬೀಳಲೇ ಇಲ್ಲವಾ? ಹಳೇ ನಿಘಂಟು ಕನ್ನಡ ಅಂತ ಬರೆದಿದ್ದರೆ ಸುಮ್ನೆ ಬರೆದಿರುತ್ತಾರಾ?

ಕೊಚ್ಚಿ ಪರದೇಸಿ:
ನಾನು ಕೊಚ್ಚಿಯಲ್ಲಿ ಕೆಲಸ ಮಾಡುತ್ತೇನೆ, ಹುಟ್ಟಿದ್ದು ಹಾಸನ. ಇಲ್ಲಿಗೆ ಬಂದ ಹೊಸದರಲ್ಲಿ ಅಂಗಡಿಯಲ್ಲಿ ‘ಶರ್ಕರ’ ಕೊಡಿ ಅಂದೆ. ಕಪ್ಪಗಿನ ಬೆಲ್ಲದುಂಡೆ ಕೊಟ್ಟರು! ಇಲ್ಲಿ ಶರ್ಕರ ಅಂದರೆ ಬೆಲ್ಲ. ಓಣಂಗೆ ಮಾಡುವ ಶರ್ಕರ ಉಪ್ಪೇರಿ ಅಂದರೆ ಬೆಲ್ಲ ಹಾಕಿದ ಬಾಳೆಕಾಯಿ. ಚಕ್ಕರ ಅಂದರೂ ಬೆಲ್ಲವೇ, ತಾಳೆ ತೆಂಗಿನ ಬೆಲ್ಲಕ್ಕೆ ಜಾಸ್ತಿ ಹೇಳುತ್ತಾರೆ. ಮಕ್ಕಳನ್ನು ಮುದ್ದು ಮಾಡುವಾಗಲೂ ‘ಚಕ್ಕರೇ’ ಅನ್ನುತ್ತಾರೆ. ನಮ್ಮ ಬಿಳಿ ಸಕ್ಕರೆ ಬೇಕಾದರೆ ‘ಪಂಚಸಾರ’ ಅಂತ ಕೇಳಬೇಕು.

ತಮಿಳಿನಲ್ಲೂ ಇದೇ ಕಥೆ. ಸಕ್ಕರೈ ಪೊಂಗಲ್‌ಗೆ ಹಾಕುವುದು ಬೆಲ್ಲ. ಹೆಸರಲ್ಲಿ ಸಕ್ಕರೆ, ಪಾತ್ರೆಯಲ್ಲಿ ಬೆಲ್ಲ. ಬಿಳಿಯದಕ್ಕೆ ಅಲ್ಲಿ ಎಷ್ಟೋ ಜನ ಜೀನಿ ಅನ್ನುತ್ತಾರೆ.

ಪದಹುಚ್ಚ:
ಗಟ್ಟಿ ಕನ್ನಡಿಗರೇ, ನಿಮ್ಮ ಪ್ರಶ್ನೆಗೆ ಉತ್ತರ ಕೊಚ್ಚಿಯವರು ಕೊಟ್ಟುಬಿಟ್ಟರು. ಜಾಗರಿ ಅಂದರೆ ಇಂಗ್ಲಿಷಿನಲ್ಲಿ ಯಾವತ್ತೂ ಕಂದು ಬಣ್ಣದ ಒರಟು ಬೆಲ್ಲ. ಬಿಳಿ ಸಕ್ಕರೆ ಅಲ್ಲ. ಕನ್ನಡದಲ್ಲಿ ಬೆಲ್ಲಕ್ಕೆ ಬೆಲ್ಲ ಅಂತಾರೆ, ಸಕ್ಕರೆ ಅನ್ನುವುದಿಲ್ಲ. ನಮ್ಮ ಅಂಗಡಿಯವನು ಬೆಲ್ಲ ತೋರಿಸಿ ಸಕ್ಕರೆ ಅಂದಿದ್ದರೆ ಪೆಟ್ಟು ತಿನ್ನುತ್ತಿದ್ದ. ಮಲಬಾರಿನವನು ಬೆಲ್ಲ ತೋರಿಸಿ ಚಕ್ಕರ, ಶರ್ಕರ ಅನ್ನುವುದು ಸಹಜ.

ಕರಾವಳಿ ಕಾಗೆ:
ಗೋವಾ ಕಡೆಯಿಂದಲೂ ಹೊಂದುವುದಿಲ್ಲ. ಕೊಂಕಣಿಯಲ್ಲಿ ಬೆಲ್ಲಕ್ಕೆ ಗೋಡ್ ಅನ್ನುತ್ತೇವೆ, ಅದು ಸಂಸ್ಕೃತದ ಗುಡ, ಹಿಂದಿಯ ಗುಡ್. ಸಾಕರ್ ಅಂದರೆ ಸಕ್ಕರೆಯೇ.

ಇನ್ನೊಂದು ವಿಷಯ. ಹಳೇ ಇಂಗ್ಲಿಷರ ಬರಹದಲ್ಲಿ ಜಾಗರಿ ಅಂದರೆ ಜಾಸ್ತಿ ಕಬ್ಬಿನದ್ದಲ್ಲ, ಮರದ ಬೆಲ್ಲ. ತೆಂಗು, ತಾಳೆ, ಬೈನೆ ಮರದ ನೀರಾ ಕಾಯಿಸಿ ಮಾಡಿದ್ದು. ಬೈನೆ ಮರಕ್ಕೆ ಇಂಗ್ಲಿಷಿನಲ್ಲಿ ಇವತ್ತಿಗೂ ಜಾಗರಿ ಪಾಮ್ ಅನ್ನುವ ಹೆಸರಿದೆ. ನಮ್ಮ ಉಡುಪಿ, ಮಂಗಳೂರು ಕಡೆ ಓಲೆಬೆಲ್ಲ ಅಂತ ಸಿಗುತ್ತದಲ್ಲ, ಗರಿಯಲ್ಲಿ ಸುತ್ತಿ ಕೊಡುವುದು, ಆ ಜಾತಿಯದ್ದು. ಈಗ ಹುಡುಕಿದರೂ ಒಳ್ಳೆಯದು ಸಿಗುವುದು ಕಷ್ಟ. ಮಂಡ್ಯದ ಹೈದರಿಗೆ ಬೇಜಾರಾಗಬಹುದು, ಜಾಗರಿ ಅನ್ನುವ ಹೆಸರು ಮೊದಲು ನಿಂತದ್ದು ಆಲೆಮನೆಯ ಬೆಲ್ಲಕ್ಕಲ್ಲ.

ಆಲೆಮನೆ ಹೈದ:
ಬೇಜಾರೇನಿಲ್ಲ ಬಿಡಿ. ಆದರೆ ಪ್ಯಾಕೆಟ್ ಮೇಲೆ ‘ಜಾಗರಿ’ ಅಂತ ಅಚ್ಚು ಹಾಕಿಸಿ ಆಯ್ತಲ್ಲ.

ಧ್ವನಿ ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ಆದರೆ ಎರಡು ಕಡೆ ಅವಸರ ಆಯಿತು ಅನ್ನಿಸುತ್ತದೆ.

ಒಂದು, ಇವತ್ತಿನ ಅರ್ಥ ಇಟ್ಟುಕೊಂಡು ಐನೂರು ವರ್ಷದ ಹಿಂದಿನದನ್ನು ತೀರ್ಮಾನ ಮಾಡಬಾರದು. ಆಗ ಕನ್ನಡದಲ್ಲಿ ಸಕ್ಕರೆ ಅಂದರೆ ಬೆಲ್ಲವೂ ಆಗಿತ್ತು ಅಂತ ಯಾರಾದರೂ ವಾದಿಸಬಹುದು.

ಇನ್ನೊಂದು, ಧ್ವನಿ. 16ನೇ ಶತಮಾನದ ಪೋರ್ಚುಗೀಸಿನಲ್ಲಿ ಚ ಧ್ವನಿ ಇತ್ತು. ಚಕ್ಕರ ಅಂತ ಕೇಳಿದ್ದರೆ ಅವರು ಚ ಅಂತಲೇ ಬರೆಯಬಹುದಿತ್ತು. ಹಳೇ ಬರಹಗಳಲ್ಲಿ ‘ಶಾಗರ’ ಅನ್ನುವ ರೂಪವೂ ಇದೆ, ‘ಜಾಗರ’ವೂ ಇದೆ. ಶ ಕಡೆ ನೋಡಿದರೆ ಶರ್ಕರ, ಶರ್ಕರೆ ಹತ್ತಿರ ಬರುತ್ತವೆ. ಹಳೇ ನಿಘಂಟುಕಾರರು ಕನ್ನಡದ ಶರ್ಕರೆ ಅಂದದ್ದು ಇದನ್ನು ನೋಡಿ ಇರಬಹುದು.

ಪದಹುಚ್ಚ:
ಮೇಷ್ಟ್ರೇ, ಎರಡೂ ಒಳ್ಳೆಯ ಪ್ರಶ್ನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಅರ್ಥದ ಮಾತು ಮೊದಲು. ಪುರಂದರದಾಸರು 16ನೇ ಶತಮಾನದವರು, ಪೋರ್ಚುಗೀಸರು ಬಂದ ಕಾಲದವರೇ. ಅವರ ಹಾಡಿನಲ್ಲಿ ಮಾರಾಟಕ್ಕಿರುವುದು ಕಲ್ಲುಸಕ್ಕರೆ. ಕಲ್ಲಿನಂತೆ ಗಟ್ಟಿ ಹರಳು. ಅಂದರೆ ಸಕ್ಕರೆ ಅನ್ನುವುದು ಆಗಲೇ ಹರಳಿನ ಪದಾರ್ಥದ ಹೆಸರಾಗಿತ್ತು, ಬೆಲ್ಲ ತನ್ನ ಪಾಡಿಗೆ ಬೆಲ್ಲವಾಗಿತ್ತು.

ಇನ್ನು ಧ್ವನಿ. ಚ ಹೋಗಿ ಜ ಆಗುವುದು ಇದೊಂದೇ ಕಡೆ ಅಲ್ಲ. ಮಲಯಾಳಂನಲ್ಲಿ ಹಲಸಿಗೆ ಚಕ್ಕ. ಪೋರ್ಚುಗೀಸರು ಅದನ್ನು ‘ಜಾಕ’ ಮಾಡಿದರು, ಇಂಗ್ಲಿಷಿನವರು ಜ್ಯಾಕ್‌ಫ್ರೂಟ್ ಮಾಡಿದರು. ಚಕ್ಕ ಜಾಕ ಆದ ಊರಿನಲ್ಲೇ ಚಕ್ಕರ ಜಾಗರ ಆಗಿದ್ದರೆ ಅಚ್ಚರಿ ಇಲ್ಲ. ಕೊಬ್ಬರಿಯ ಹೆಸರು ಕೊಪ್ಪರ ಹೋಗಿ ಕೊಪ್ರಾ ಆದದ್ದೂ ಅದೇ ತೀರದಲ್ಲಿ.

ಕೊನೆಗೆ ಮನುಷ್ಯರನ್ನೂ ನೋಡಿ. 1516ರ ಹೊತ್ತಿಗೆ ದುವಾರ್ತೆ ಬಾರ್ಬೋಸ ಅನ್ನುವ ಪೋರ್ಚುಗೀಸನು ತಾಳೆಜಾತಿಯ ಮರದ ಸಕ್ಕರೆಗೆ ಆ ‘ಶಾಗರ’ ಅನ್ನುವ ಹೆಸರು ಬರೆದಿಟ್ಟ. ಅವನು ಇದ್ದದ್ದು ಕಣ್ಣೂರು, ಕೊಚ್ಚಿಯಲ್ಲಿ, ಗುಮಾಸ್ತನ ಕೆಲಸ. ಮಲಯಾಳಂ ಚೆನ್ನಾಗಿ ಬರುತ್ತಿತ್ತು. ಪೋರ್ಚುಗೀಸರ ಮೊದಲ ಹಡಗು 1498ರಲ್ಲಿ ಕೋಳಿಕ್ಕೋಡಿಗೆ ಬಂತು, 1503ಕ್ಕೆ ಕೊಚ್ಚಿಯಲ್ಲಿ ಕೋಟೆ ಆಯಿತು. ಗೋವಾ ಆಮೇಲಿನ ಮಾತು. ಅಷ್ಟರಲ್ಲಿ ಬೆಲ್ಲ ತಿನ್ನದೆ ಇದ್ದರಾ?

ಧ್ವನಿ ಮೇಷ್ಟ್ರು:
ಬಾರ್ಬೋಸನ ಮಾತಿಗೆ ತೂಕ ಇದೆ. ಆದರೆ ಜಾಕದಲ್ಲಿ ಕ ಹಾಗೇ ಉಳಿಯಿತು, ಜಾಗರದಲ್ಲಿ ಮಾತ್ರ ಗ ಆಯಿತು. ಇದಕ್ಕೇನು ಹೇಳುತ್ತೀರಿ?

ಪದಹುಚ್ಚ:
ಅದಕ್ಕೆ ನಿಯಮ ಕೊಡುವುದಕ್ಕೆ ನನ್ನಿಂದ ಆಗುವುದಿಲ್ಲ. ಶುಗರ್ ಕೂಡ ಅದನ್ನೇ ಮಾಡಿದೆ ನೋಡಿ. ಫ್ರೆಂಚ್‌ನಲ್ಲಿ ಕ, ಇಂಗ್ಲಿಷಿಗೆ ಬಂದಮೇಲೆ ಗ. ಅದನ್ನೂ ಯಾರೂ ಸರಿಯಾಗಿ ಬಿಡಿಸಿಲ್ಲ. ನನ್ನ ಲೆಕ್ಕ ಇಷ್ಟೇ. ಚಕ್ಕರವೋ ಶರ್ಕರವೋ ಅನ್ನುವುದನ್ನು ಧ್ವನಿ ಒಂದರಿಂದಲೇ ಬಿಡಿಸಲು ಆಗಲ್ಲ. ಹೆಸರು ಯಾವ ವಸ್ತುವಿಗೆ, ಯಾವ ಅಂಗಡಿಯಲ್ಲಿ ಇತ್ತು ಅಂತ ನೋಡಿದರೆ ಮಲಬಾರ್ ಕಡೆಗೇ ಕೈ ತೋರಿಸುತ್ತದೆ. ಶರ್ಕರೆ ಅನ್ನುವುದು ನಮ್ಮಲ್ಲಿ ಪುಸ್ತಕದ ಮಾತು, ಪಂಚಾಮೃತದ ಮಂತ್ರದ ಮಾತು. ಬಂದರಿನಲ್ಲಿ ಮೂಟೆ ಹೊರುವವನು ಹಾಗೆ ಹೇಳಿರುವುದು ಅನುಮಾನ.

ಗಟ್ಟಿ ಕನ್ನಡಿಗ:
ಒಪ್ಪಿದೆ ಅಂತ ಹೇಳುವುದಿಲ್ಲ. ಬಾರ್ಬೋಸನನ್ನು ಓದಿ ಬರುತ್ತೇನೆ.

ಮಾಮರ:
ನಮ್ಮ ಹಿಂದಿ ಸ್ನೇಹಿತರು ಸಕ್ಕರೆಗೆ ಚೀನಿ ಅನ್ನುತ್ತಾರಲ್ಲ, ಅದು ನಿಜವಾಗಲೂ ಚೀನಾ ದೇಶದ್ದಾ? ಕಬ್ಬು ನಮ್ಮದು, ಹೆಸರು ಅವರದ್ದು?

ಪದಹುಚ್ಚ:
ಹೌದು, ಚೀನಿ ಅಂದರೆ ಚೀನಾದ್ದು. ಕಲ್ಲುಸಕ್ಕರೆಗೆ ಅವರು ಮಿಸ್ರಿ ಅನ್ನುತ್ತಾರೆ, ಅದು ಮಿಸ್ರ್, ಅಂದರೆ ಈಜಿಪ್ಟಿನದ್ದು. ಉತ್ತರದಲ್ಲಿ ಶಕ್ಕರ್ ಅಂದರೆ ಎಷ್ಟೋ ಕಡೆ ಕಂದು ಪುಡಿಬೆಲ್ಲ. ಅಲ್ಲೂ ಮಲಯಾಳಂ, ತಮಿಳಿನ ಹಾಗೇ ಹಳೆಯ ಹೆಸರು ಹಳೆಯ ವಸ್ತುವಿನ ಜೊತೆ ಉಳಿಯಿತು. ಸಕ್ಕರೆ ಅನ್ನುವ ಹೆಸರನ್ನು ಬಿಳಿಯದಕ್ಕೆ ಕೊಟ್ಟವರು ನಾವು, ಮರಾಠಿಯವರು, ಕೊಂಕಣಿಯವರು.

ತಮಾಷೆ ಏನೆಂದರೆ ಚೀನಾದವರೇ ಸಕ್ಕರೆ ಮಾಡುವುದನ್ನು ಕಲಿಯಲು 647ರಲ್ಲಿ ಮಗಧಕ್ಕೆ ಜನ ಕಳಿಸಿದ್ದರು, ತಾಂಗ್ ಚಕ್ರವರ್ತಿ ತೈತ್ಸುಂಗ್ ಕಾಲದಲ್ಲಿ. ಅವರ ಹಳೇ ಹೆಸರು ಕಲ್ಲುಜೇನು ಅನ್ನುವ ಅರ್ಥದ್ದು. ಇನ್ನು ‘ಕಬ್ಬು ನಮ್ಮದು’ ಅನ್ನುವುದಕ್ಕೆ ಸ್ವಲ್ಪ ತಡೆಯಿರಿ. ಕಬ್ಬನ್ನು ಮೊದಲು ಬೆಳೆಸಿದವರು ನ್ಯೂಗಿನಿ ದ್ವೀಪದವರು. ರಸ ಕಾಯಿಸಿ ಹರಳು ಮಾಡುವ ಕೆಲಸ ಮಾತ್ರ ನಮ್ಮ ಕಡೆಯದು.

ಶಾಲ್ಮಲಾ:
ಶರ್ಕರಾ ಅಂದರೆ ಮೂಲದಲ್ಲಿ ಸಿಹಿ ಅಂತಲಾ?

ಧ್ವನಿ ಮೇಷ್ಟ್ರು:
ಅಲ್ಲಮ್ಮ. ಮೂಲದಲ್ಲಿ ಅದು ಜಲ್ಲಿ, ಹರಳುಕಲ್ಲು, ಮರಳಿನ ನುಚ್ಚು. ಸಿಹಿ ಆಮೇಲೆ ಸೇರಿತು. ಸುಶ್ರುತ ಸಂಹಿತೆಯಲ್ಲಿ ಮೂತ್ರದಲ್ಲಿ ಬರುವ ಸಣ್ಣ ಕಲ್ಲಿಗೆ ಕೂಡ ಶರ್ಕರಾ ಅನ್ನುವ ಹೆಸರಿದೆ. ಕಬ್ಬಿನ ರಸ ಹರಳಾದಾಗ ಜಲ್ಲಿಯ ಹಾಗೆ ಕಂಡಿತು, ಹೆಸರು ಅಂಟಿಕೊಂಡಿತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನ ಪದಾರ್ಥಗಳ ಪಟ್ಟಿಯೇ ಇದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತ ಅಂದರೆ ಪಾಕ, ನಿಮ್ಮ ಮಲೆನಾಡಿನ ಜೋನಿಬೆಲ್ಲದ ಹಾಗೆ. ಅಲ್ಲಿಂದ ಗಟ್ಟಿಯಾಗುತ್ತಾ ಹೋಗುತ್ತದೆ. ಶರ್ಕರಾ ಕೊನೆಗೆ ಬಂದದ್ದನ್ನು ಗಮನಿಸಿ.

ಹತ್ತಿ ಅಡತಿ:
ಆ ಖಂಡ ಅಂದ್ರೆ ಇಂಗ್ಲಿಷಿನ ಕ್ಯಾಂಡಿ ಅಲ್ಲೇನ್ರೀ? ನಮ್ಮ ಹುಬ್ಬಳ್ಳಿ ಕಡೆ ಹತ್ತಿ ರೇಟು ಕ್ಯಾಂಡಿ ಲೆಕ್ಕದಾಗ ಹೇಳ್ತಾರ. ಒಂದು ಕ್ಯಾಂಡಿ ಅಂದ್ರ 356 ಕಿಲೋ. ಅಷ್ಟು ಸಕ್ರಿ ಯಾರು ತಿಂತಾರ್ರೀ!

ಪದಹುಚ್ಚ:
ನಗು ಬಂತು ಸರ್. ಆದರೆ ತಿನ್ನುವುದು ಬೇರೆ, ತೂಕ ಬೇರೆ. ತಿನ್ನುವ ಕ್ಯಾಂಡಿ ಖಂಡದಿಂದಲೇ ಬಂದದ್ದು. ಖಂಡ ಅಂದರೆ ತುಂಡು. ಪರ್ಷಿಯನ್‌ನಲ್ಲಿ ಕಂದ್, ಅರಬ್ಬಿಯಲ್ಲಿ ಕಂದಿ, ಫ್ರೆಂಚ್‌ನಲ್ಲಿ ‘ಸುಕ್ರ್ ಕಾಂದಿ’, ಆಮೇಲೆ ಮೊದಲಿನ ಸುಕ್ರ್ ಬಿಟ್ಟು ಕ್ಯಾಂಡಿ ಆಯಿತು. ನಮ್ಮ ಖಂಡಸಾರಿ ಸಕ್ಕರೆಯಲ್ಲೂ ಅದೇ ಖಂಡ. ನಿಮ್ಮ ಹತ್ತಿಯ ಕ್ಯಾಂಡಿ ಮರಾಠಿ ಖಂಡಿ, ತಮಿಳು ಕಂಡಿ ಅನ್ನುವ ತೂಕದ ಹೆಸರು.

ಕ್ರೀಟ್ ದ್ವೀಪದ ಕಾಂಡಿಯಾ ಊರಿನಿಂದ ಕ್ಯಾಂಡಿ ಬಂತು ಅಂತಲೂ ಒಂದು ಕಥೆ ಓಡಾಡುತ್ತದೆ. ನಂಬಬೇಡಿ. ಆ ಊರಿನ ಹೆಸರು ಅರಬ್ಬಿಯ ಖಂದಕ್‌ನಿಂದ ಬಂದದ್ದು, ನಾವು ಕೋಟೆಗೆ ತೋಡುವ ಕಂದಕವೇ ಅದು.

ದೋಹಾ ಕನ್ನಡತಿ:
ಪಕ್ಕದ ಮನೆಯ ಸಿಂಹಳದವರು ಬೆಲ್ಲಕ್ಕೆ ‘ಹಕುರು’ ಅನ್ನುತ್ತಾರೆ. ಅದೂ ಇದೇ ಬಳಗನಾ?

ಪದಹುಚ್ಚ:
ಇದೇ ಬಳಗ. ಸಿಂಹಳದಲ್ಲಿ ಹಳೇ ಸ ಎಷ್ಟೋ ಕಡೆ ಹ ಆಗಿದೆ. ಸಕ್ಖರಾ, ಹಕುರು. ನೋಡಿ, ಅಲ್ಲೂ ಅದು ಬೆಲ್ಲ, ಅದರಲ್ಲೂ ಜಾಸ್ತಿ ಬೈನೆ, ತೆಂಗಿನ ಮರದ ಬೆಲ್ಲ. ಬಿಳಿ ಸಕ್ಕರೆಗೆ ಅವರೂ ಸೀನಿ ಅನ್ನುತ್ತಾರೆ. ಗಟ್ಟಿ ಕನ್ನಡಿಗರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಬೆಣ್ಣೆದೋಸೆ:
ಎಲ್ಲ ಸರಿ. ಶುಗರ್ ಅನ್ನುವುದನ್ನು ಸ ಹಾಕಿ ಬರೆದು ಶ ಅಂತ ಯಾಕೆ ಓದುತ್ತಾರೆ? ಮಗಳು ಕೇಳಿದಳು, ತಲೆ ಕೆರೆದುಕೊಂಡೆ.

ಧ್ವನಿ ಮೇಷ್ಟ್ರು:
ಮೊದಲು ಅದು ಸ್ಯೂ ಥರ ಇತ್ತು. ಸ ಮತ್ತು ಯ ಸೇರಿ ಜೋರಾಗಿ ಹೇಳಿದರೆ ನಾಲಿಗೆ ಶ ಕಡೆ ಜಾರುತ್ತದೆ. ಶ್ಯೂರ್ ಅನ್ನುವ ಪದದಲ್ಲೂ ಹೀಗೇ ಆದದ್ದು. ಬರವಣಿಗೆ ಹಳೆಯದೇ ಉಳಿಯಿತು. ಶರ್ಕರಾದ ಶ ವಾಪಸ್ ಬಂತು ಅಂತ ಖುಷಿ ಪಡಬೇಡಿ, ಅದು ಆಕಸ್ಮಿಕ.

ಮಾಮರ:
ನಮ್ಮಲ್ಲಿ ಶುಗರ್ ಅಂದರೆ ಕಾಯಿಲೆ, ಸಕ್ಕರೆ ಅಂದರೆ ಡಬ್ಬಿಯಲ್ಲಿರುವುದು. ‘ಅವರಿಗೆ ಶುಗರ್ ಇದೆ, ಕಾಫಿಗೆ ಸಕ್ಕರೆ ಹಾಕಬೇಡ’ ಅಂತ ಒಂದೇ ವಾಕ್ಯದಲ್ಲಿ ಎರಡನ್ನೂ ಹೇಳುತ್ತೇವೆ.

ಆಲೆಮನೆ ಹೈದ:
ಗುಂಪಿಗೆ ಹೀಗೆ ಬರೆದು ಹಾಕಿದೆ: ‘ಜಾಗರಿ ಬಹುತೇಕ ಮಲಬಾರಿನ ಚಕ್ಕರ. ಅದು ನಮ್ಮ ಸಕ್ಕರೆಯ ಅಕ್ಕನೋ ತಂಗಿಯೋ. ಬೆಲ್ಲ ಮಾತ್ರ ಪಕ್ಕಾ ನಮ್ಮದು, ತಮಿಳು ತೆಲುಗಿನವರ ಜೊತೆ ಪಾಲು.’ ಇಷ್ಟಕ್ಕೇ ಇಬ್ಬರು ಗುಂಪು ಬಿಟ್ಟು ಹೋದರು. ಇರಲಿ. ಇನ್ನೊಂದೇ ಪ್ರಶ್ನೆ. ಫ್ಯಾಕ್ಟರಿಯಲ್ಲಿ ಉಳಿಯುವ ಕಾಕಂಬಿಗೆ ಮೊಲಾಸಿಸ್ ಅನ್ನುತ್ತಾರಲ್ಲ, ಅದೂ ಶರ್ಕರಾ ಕಡೆಯದಾ?

ಪದಹುಚ್ಚ:
ಇಲ್ಲ, ಅದು ಬೇರೆ ಮನೆತನ. ಪೋರ್ಚುಗೀಸಿನ ಮೆಲಾಸೊ, ಅದರ ಹಿಂದೆ ಲ್ಯಾಟಿನ್‌ನ ಮೆಲ್, ಅಂದರೆ ಜೇನು. ಕಾಕಂಬಿಗೆ ಮರಾಠಿಯಲ್ಲಿ ಕಾಕವಿ ಅನ್ನುತ್ತಾರೆ. ಅದರ ಮೇಲೆ ಬೇರೆ ಚರ್ಚೆ ಶುರು ಮಾಡಿ, ಬೆಳಗಾವಿಯವರು ಬರಲಿ.